ಚೆಂಡುಹೂ ಕಟ್ಟಿದ ಬಂದೂಕು

ಆಯುಧಪೂಜೆಯ ಸಂಜೆ ಎದುರುಮನೆಯ ಚನ್ನಬಸಪ್ಪನವರು ತಟ್ಟೆಯಲ್ಲಿ ಮಂಡಕ್ಕಿ, ಬಾಳೆಹಣ್ಣು ಹಿಡಿದು ಬಂದರು. ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ಯಾರಾದರೂ ಸುಮ್ಮನೆ ನಕ್ಕರೆ ನನಗೆ ಅನುಮಾನ ಶುರುವಾಗುತ್ತದೆ. ಅವರು ಎರಡು ಸಲ ನಕ್ಕರು. "ಬರ್ರಿ, ನಮ್ಮನೆಗೆ ಹೊಸದೊಂದು ಬಂದೈತೆ" ಎಂದು ಕರೆದೊಯ್ದರು. ನೋಡಿದರೆ ಮಿಕ್ಸಿ, ಈಳಿಗೆಮಣೆ, ಸ್ಪ್ಯಾನರುಗಳ ಪಕ್ಕದಲ್ಲಿ ಒಂದು ಪಿಸ್ತೂಲು. ಅದಕ್ಕೂ ವಿಭೂತಿ, ಅದಕ್ಕೂ ಚೆಂಡುಹೂವು.

"ಲೈಸೆನ್ಸ್ ಸಿಕ್ತು ರೀ. ಕಳ್ಳರ ಕಾಟ ಭಾಳ ಆಗೈತಲ್ಲ. ನೀವೂ ಒಂದು ಅರ್ಜಿ ಹಾಕ್ರಿ."

ಚೆಂಡುಹೂವಿನ ಕಟುವಾಸನೆ ಮೂಗಿಗೆ ಬಡಿಯಿತು. ಹರಿಹರದ ಬಸಣ್ಣಮಾವ ನೆನಪಾದರು.

ಬಸಣ್ಣಮಾವ ನನ್ನ ತಾಯಿಯ ತಮ್ಮ. ಹೊಳೆದಂಡೆಯ ಭತ್ತದ ಗದ್ದೆಗೆ ಹಂದಿ ನುಗ್ಗುತ್ತವೆಂದು ಲೈಸೆನ್ಸ್ ಮಾಡಿಸಿ ಜೋಡುನಳಿಗೆಯ ಬಂದೂಕು ಇಟ್ಟುಕೊಂಡಿದ್ದರು. ಅದರಿಂದ ಒಂದಾದರೂ ಹಂದಿ ಬಿದ್ದದ್ದು ನನಗೆ ತಿಳಿದಿಲ್ಲ. ಆ ವಿಷಯ ಹಂದಿಗಳಿಗೂ ಗೊತ್ತಿತ್ತೆಂದು ನನ್ನ ಗುಮಾನಿ. ಆದರೆ ಆಯುಧಪೂಜೆಯ ದಿನ ಅದರ ಠೀವಿ ನೋಡಬೇಕಿತ್ತು ನೀವು. ಎಣ್ಣೆ ಒರೆಸಿ, ಮೂರೆಳೆ ವಿಭೂತಿ ಬಳಿದು, ಮಾವ ತಾವೇ ಕೂತು ನಳಿಗೆಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದರು. "ನನಗೆ ಒಂದಿನ ಇಷ್ಟು ಹೂ ತಂದೀರೇನ್ರಿ?" ಎಂದು ಅತ್ತೆ ಕೆಣಕುತ್ತಿದ್ದರು.

ನಾನು ಕಾಲೇಜಿನಲ್ಲಿದ್ದಾಗ ಒಂದು ವರ್ಷ ಹಬ್ಬಕ್ಕೆ ಅಲ್ಲಿಗೆ ಹೋಗಿದ್ದೆ. ಮುಸ್ಸಂಜೆಯಲ್ಲಿ ಹಿಂದಿನ ಮನೆಯಿಂದ "ಕಳ್ಳ! ಕಳ್ಳ!" ಎಂಬ ಕೂಗು ಕೇಳಿಸಿತು. ಮಾವ ಪೂಜೆಗಿಟ್ಟ ಬಂದೂಕನ್ನೇ ಎತ್ತಿಕೊಂಡರು.

"ಬ್ಯಾಡ್ರಿ, ಪೊಲೀಸ್ರು ಬರ್ತಾರೆ" ಎಂದರು ಅತ್ತೆ.

"ಅವ್ರು ಬರೋದ್ರೊಳಗ ಕಳ್ಳ ಹುಬ್ಬಳ್ಳಿ ಮುಟ್ಟಿರ್ತಾನ" ಎಂದು ಮಾವ ಹಿತ್ತಲಿಗಿಳಿದರು.

ಹಬ್ಬದ ಬಂದೋಬಸ್ತಿಗೆಂದು ಪೊಲೀಸರು ಹತ್ತಿರದಲ್ಲೇ ಇದ್ದರು. ಹಿತ್ತಲಿನಲ್ಲಿ ಒಬ್ಬ ಬಂದೂಕು ಹಿಡಿದು ನಿಂತಿದ್ದಾನೆಂದು ಯಾರೋ ಅವರಿಗೆ ಹೇಳಿದರು. ಹೇಳಿದ್ದು ಸುಳ್ಳೂ ಅಲ್ಲ. ಊರಿಗೆ ಹೊಸಬರಾದ ಸಬ್ ಇನ್ಸ್‌ಪೆಕ್ಟರರು ಹಿತ್ತಲ ಬಾಗಿಲಲ್ಲಿ ಪಿಸ್ತೂಲು ಚಾಚಿ "ಬಂದೂಕು ಕೆಳಗಿಡು!" ಎಂದು ಗದರಿದರು.

ಮಾವನಿಗೆ ಖುಷಿಯೋ ಖುಷಿ. ಗದರಿದ್ದು ಕಳ್ಳನಿಗೆ ಎಂದುಕೊಂಡರು. ಪೊಲೀಸರು ತಮ್ಮ ಕಡೆಯವರು, ತಮ್ಮನ್ನು ಯಾಕೆ ಗದರುತ್ತಾರೆ? "ಬರ್ರಿ ಸಾಹೇಬ್ರ, ಈ ಕಡೆ ಓಡಿದ!" ಎಂದು ತಿರುಗಿ ದಾರಿ ತೋರಿಸಿದರು. ನೀವಾದರೂ ಅಷ್ಟೇ, ಕೈಯಲ್ಲಿ ಏನಿದೆಯೋ ಅದರಲ್ಲೇ ತೋರಿಸುತ್ತೀರಿ. ಅಡುಗೆ ಮಾಡುತ್ತಿದ್ದರೆ ಸೌಟಿನಲ್ಲಿ ತೋರಿಸುತ್ತಿದ್ದಿರಿ. ಮಾವನ ಕೈಯಲ್ಲಿ ಬಂದೂಕಿತ್ತು. ಎರಡು ನಳಿಗೆಗಳೂ ಸಬ್ ಇನ್ಸ್‌ಪೆಕ್ಟರರ ಎದೆಯ ಮುಂದೆ ಹಾದುಹೋದವು.

ನಾನು ಹಿತ್ತಲ ಮೆಟ್ಟಿಲ ಮೇಲೆ ನಿಂತಿದ್ದೆ. ಮಾವ ಹೋದರು ಎಂದೇ ಅಂದುಕೊಂಡೆ. ಗುಂಡಿನ ಸದ್ದು ಮಾತ್ರ ಬರಲಿಲ್ಲ. ನಳಿಗೆಯ ತುದಿಯಲ್ಲಿ ಹಾರ ತೂಗಾಡುತ್ತಿತ್ತು.

ಸಬ್ ಇನ್ಸ್‌ಪೆಕ್ಟರರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ನೀರು ಕೇಳಿದರು. ಚೊಂಬಿನ ನೀರನ್ನು ಒಂದೇ ಉಸಿರಿಗೆ ಕುಡಿದರು. "ಹೂ ಕಾಣದ ಇದ್ದಿದ್ರ ಹೊಡೆದೇಬಿಡ್ತಿದ್ದೆ ರೀ ಯಜಮಾನ್ರ. ಈ ಮಬ್ಬಿನಾಗ ಕಳ್ಳ ಯಾರು, ಮನೆಯವ್ರು ಯಾರು, ಹೆಂಗೆ ಗೊತ್ತಾಗ್ಬೇಕು?"

ಕಳ್ಳ ಸಿಗಲಿಲ್ಲ. ಬಂದಿದ್ದನೋ ಇಲ್ಲವೋ, ಅದೂ ತಿಳಿಯಲಿಲ್ಲ. ಮಾವ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದರು. ಆಮೇಲೆ ಅವರಿಗೊಂದು ಅಭ್ಯಾಸ ಅಂಟಿಕೊಂಡಿತು. ಬಾಗಿಲು ದಾಟುವ ಮುಂಚೆ "ನಾನೇ, ಬಸಣ್ಣ" ಎನ್ನುವರು. ಬಚ್ಚಲಿನಿಂದ ಬಂದರೂ ಅದೇ. ನಾವೆಲ್ಲ ಬಿದ್ದುಬಿದ್ದು ನಗುತ್ತಿದ್ದೆವು. ಅತ್ತೆ ಮಾತ್ರ ಪ್ರತಿ ಸಲವೂ "ಹ್ಞೂಂ, ಬರ್ರಿ" ಎಂದು ಓಗೊಡುತ್ತಿದ್ದರು.

"ಏನ್ ಯೋಚ್ನೆ ಮಾಡ್ತೀರಿ?" ಎಂದರು ಚನ್ನಬಸಪ್ಪನವರು.

"ಏನಿಲ್ರಿ. ಆ ಹೂ ಮಾತ್ರ ತೆಗೀಬ್ಯಾಡ್ರಿ" ಎಂದೆ. ಅವರು ಮತ್ತೆ ನಕ್ಕರು.

ಮರುದಿನ ತಟ್ಟೆ ಹಿಂದಿರುಗಿಸಬೇಕಿತ್ತು. ಬರಿದಾಗಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿಕೊಂಡು ಹೊರಟೆ. ಕತ್ತಲಾಗುತ್ತಿತ್ತು, ಬೀದಿಯಲ್ಲಿ ಕರೆಂಟು ಹೋಗಿತ್ತು. ಗೇಟಿನ ಚಿಲಕಕ್ಕೆ ಕೈ ಹಾಕಿದವನು ಹಿಂದೆ ತೆಗೆದುಕೊಂಡೆ. ತಟ್ಟೆಯನ್ನು ಕಾಣುವಂತೆ ಎರಡೂ ಕೈಯಲ್ಲಿ ಮೇಲೆತ್ತಿದೆ.

"ನಾನೇ ರೀ, ಎದುರುಮನೆಯವನು!"

ಒಳಗಿನಿಂದ ಯಾರೂ ಓಗೊಡಲಿಲ್ಲ. ಇನ್ನೂ ಜೋರಾಗಿ ಕೂಗಿದೆ.