ತೊಳೆಯದ ಉಣ್ಣೆಯ ಸೂಜಿ ಗಾದಿ

ಒಳಗೆ ಏನು ತುಂಬಿದೆ ಎಂಬುದರಿಂದಲೇ ಮನುಷ್ಯರ ಯೋಗ್ಯತೆ ಗೊತ್ತಾಗುತ್ತದೆ ಎಂದು ಪ್ರವಚನಗಳಲ್ಲಿ ಕೇಳಿದ್ದೇನೆ. ಮನುಷ್ಯರದು ನನಗೆ ಅಷ್ಟು ಖಾತ್ರಿ ಇಲ್ಲ. ಸೂಜಿ, ಟಾಚಣಿ ಚುಚ್ಚಿಡುವ ಪುಟ್ಟ ಗಾದಿಯ ಮಟ್ಟಿಗೆ ಮಾತ್ರ ಅದು ಅಕ್ಷರಶಃ ಸತ್ಯ.

ದರಿಬಡಚಿ ಎಂಬ ಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಓಣಿಯ ಹೆಂಗಸರ ಜಂಪರು ಹೊಲಿಯುವುದು ನನ್ನ ಉದ್ಯೋಗ. ಗಾದಿಯನ್ನೂ ನಾನೇ ಹೊಲಿದುಕೊಂಡಿದ್ದೆ. ಮೊದಲು ಜೋಳದ ತೌಡು ತುಂಬಿ ನೋಡಿದೆ. ಇರುವೆಗಳು ಸಹಕುಟುಂಬ ವಾಸಕ್ಕೆ ಬಂದವು. ಹಳೆಯ ಹಾಸಿಗೆಯ ಸ್ಪಂಜಿನಲ್ಲಿ ಸೂಜಿ ನಿಲ್ಲಲೇ ಇಲ್ಲ. ಹತ್ತಿ ನೋಡಲು ಸಭ್ಯವಾಗಿತ್ತು. ಆದರೆ ಬೆವರುಗೈಯಿಂದ ಚುಚ್ಚಿದ ಸೂಜಿಗಳಿಗೆ ಅದರೊಳಗೆ ಸದ್ದಿಲ್ಲದೆ ತುಕ್ಕು ಹಿಡಿದು, ಆ ತುಕ್ಕು ಗಿರಾಕಿಯೊಬ್ಬಳ ಹಳದಿ ಜಂಪರಿಗೆ ಹತ್ತಿತು.

"ಇದೇನ್ರಿ ಅಕ್ಕಾರ, ಅರಿಷಿಣದ ಜಂಪರಿಗಿ ಕುಂಕುಮಾನೂ ಹಚ್ಚಿ ಕೊಟ್ಟೀರಿ?" ಎಂದಳು ಆಕೆ.

ಇನ್ನೊಂದು ಕಲೆ ಬಿದ್ದರೆ ಓಣಿಯ ಬಟ್ಟೆಯೆಲ್ಲ ಪೇಟೆಯ ದರ್ಜಿಗಳನ್ನು ಹುಡುಕಿ ಜತ್ತಿನ ಬಸ್ಸು ಹತ್ತುವುದು ಖಂಡಿತವಿತ್ತು.

ಹಿಂದಿನ ಮನೆಯವರು ಕುರಿ ಸಾಕಿದವರು. ಅವರ ಉಣ್ಣೆ ಕತ್ತರಿಸುವ ಕತ್ತರಿ ವರ್ಷವಿಡೀ ಉಣ್ಣೆಯ ಚೀಲದಲ್ಲೇ ಬಿದ್ದಿದ್ದರೂ ಮಿರಮಿರ ಹೊಳೆಯುವುದನ್ನು ನೋಡಿದ್ದೆ. ಹೋಗಿ ಒಂದು ಹಿಡಿ ಉಣ್ಣೆ ಕೇಳಿದೆ.

"ತೊಳದ ಕೊಡ್ಲೇನ ಯಕ್ಕಾ?" ಎಂದಳು ಆ ಮನೆಯಾಕೆ.

"ತೊಳೀಬ್ಯಾಡವಾ. ಅದರ ಜಿಡ್ಡೇ ನನಗ ಬೇಕು, ಸೂಜಿಗಿ ತುಕ್ಕ ಹಿಡಿಯಾಂಗಿಲ್ಲ."

"ಆ ನಾತಕ್ಕ ನಿಮ್ಮತ್ತಿ ನಿನ್ನನ್ನೇ ತೊಳದಾರು, ನೋಡ!"

ಆಕೆಯ ಮಾತು ಸುಳ್ಳಾಗಲಿಲ್ಲ. ಗಾದಿಗೆ ಆ ಉಣ್ಣೆ ತುಂಬಿದ ಸಂಜೆಗೇ ನನ್ನ ಅತ್ತೆ ಮೂಗಿಗೆ ಸೆರಗು ಹಿಡಿದು ಬಂದರು.

"ಮನ್ಯಾಗ ಕುರಿ ಹೊಕ್ಕಾವೇನ? ಶ್ರಾವಣ ಸೋಮವಾರ ಮಠದ ಅಯ್ಯಾರು ಪ್ರಸಾದಕ್ಕ ಬರ್ತಾರ. ಅಷ್ಟರಾಗ ಅದನ್ನ ತಿಪ್ಪಿಗಿ ಒಗಿ."

"ಅಯ್ಯಾರಿಗಿ ಕುಂದರಾಕ ಏನ ಹಾಸ್ತೀರಿ ಅತ್ತಿ?"

"ಕಂಬಳಿ."

"ಅದು ಯಾವ ಗಿಡದಾಗ ಬೆಳೀತದ್ರಿ?"

"ಅದು ಮಡೀದು!"

"ಅದರ ಕುರಿ ಮಡಿ ಉಟ್ಟಿತ್ತೇನ್ರಿ?"

ಅಲ್ಲಿಂದ ಸೋಮವಾರದವರೆಗೆ ಅತ್ತೆ ನನ್ನೊಡನೆ ಮಾತಾಡಲಿಲ್ಲ. ಅವರ ಪರವಾಗಿ ಅಡುಗೆಮನೆಯ ಪಾತ್ರೆಗಳು ಮಾತಾಡಿದವು. ನಾನು ಗಾದಿಯನ್ನು ಹೊಲಿಗೆ ಮಷೀನಿನ ಮೇಲಿಂದ ಒಂದು ಬೆರಳಿನಷ್ಟೂ ಸರಿಸಲಿಲ್ಲ. ಶ್ರಾವಣವೆಂದು ಶಿವನಿಗೆ ಹೆದರಬಹುದು, ತುಕ್ಕಿಗೆ ಯಾವ ತಿಂಗಳೂ ಒಂದೇ.

ಅಯ್ಯನವರು ಬಂದರು. ಅತ್ತೆ ಪಡಸಾಲೆಗೆ ಹಚ್ಚಿದ್ದ ಊದುಬತ್ತಿಗಳ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕಂಬಳಿಯ ಮೇಲೆ ಕುಳಿತರು. ಆಮೇಲೆ ಮೂಗರಳಿಸಿದರು.

"ತಂಗಿ, ಕುರಿ ಕಟ್ಟೀರೇನ?"

ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು.

"ಇಲ್ರಿ ಅಪ್ಪಾರ, ಸೂಜಿ ಸಾಕೀನ್ರಿ," ಎಂದು ಗಾದಿಯನ್ನು ಅವರ ಮುಂದೆಯೇ ಹಿಡಿದೆ.

ಅವರು ಅದನ್ನು ಮೂಸಿದರು. ಬಳಿಕ ತಾವು ಕುಳಿತ ಕಂಬಳಿಯ ಅಂಚನ್ನೆತ್ತಿ ಅದನ್ನೂ ಮೂಸಿದರು.

"ನಾ ಈ ಕಂಬಳೀದ ವಾಸನಿ ಅನ್ಕೊಂಡಿದ್ನೆವಾ," ಎಂದರು. "ಇರ್ಲಿ, ಹೋಳಗಿ ಬರ್ಲಿ."

ಗಾದಿ ಮಷೀನಿನ ಮೇಲೆಯೇ ಇದೆ. ಅತ್ತೆ ಹರಿದದ್ದು ಹೊಲಿಯಲು ಅದರಿಂದಲೇ ಸೂಜಿ ಕಿತ್ತು, ಸೆರಗಿಗೆ ಒರೆಸಿಕೊಂಡು ಬಳಸುತ್ತಾರೆ. ಸೂಜಿಗಳಿಗೆ ತುಕ್ಕು ಹಿಡಿದಿಲ್ಲ.