ಹಾರುವ ಕುದುರೆಯ ಕಣಿವೆಗೆ ಒಂದು ರಜೆಯ ದಿನ

ಸ್ಟ್ಯಾಂಡಿನ ಡ್ರೈವರುಗಳೆಲ್ಲ ಅವಳನ್ನು ಕರೆಯುವುದು ವ್ಯಾನಕ್ಕ ಎಂದೇ. ಬೆಳಗಾದರೆ ಹೋಟೆಲ್ ಬಾಗಿಲಲ್ಲಿ ಪ್ರವಾಸಿಗರನ್ನು ತನ್ನ ವ್ಯಾನಿಗೆ ಹತ್ತಿಸಿಕೊಂಡು, ಹಾರುವ ಕುದುರೆಯ ಸಿನಿಮಾ ತೆಗೆದ ಕಣಿವೆಗೆ ಕರೆದೊಯ್ಯುವುದು, ದಾರಿಯುದ್ದಕ್ಕೂ ಅದರ ಕಥೆ ಹೇಳುವುದು, ಸಂಜೆ ಮರಳಿ ತಂದು ಇಳಿಸುವುದು ಅವಳ ಕೆಲಸ. ಅಷ್ಟು ಹೊತ್ತೂ ಮಗಳು ಅತ್ತೆಯ ಸುಪರ್ದಿಯಲ್ಲಿ.

ಆ ಮಗಳಿಗೆ ಸಿನಿಮಾ ಪೂರ್ತಿ ಬಾಯಿಪಾಠ. ಕಣಿವೆಗೆ ನನ್ನನ್ನೂ ಕರ್ಕೊಂಡು ಹೋಗು ಎಂದು ದಿನಾ ಅದೇ ಜಪ. ಇವತ್ತು ಸೀಟಿಲ್ಲ, ನಾಳೆ ಮಳೆ ಎಂದು ವ್ಯಾನಕ್ಕ ಸಬೂಬು ಹೇಳುತ್ತಲೇ ಬಂದಳು. ಅಸಲಿ ಸಂಗತಿ ಬೇರೆಯೇ ಇತ್ತು. ಅಲ್ಲಿ ಕೋಟೆಯೂ ಇಲ್ಲ, ಜಲಪಾತವೂ ಇಲ್ಲ. ಅದೆಲ್ಲ ಕಂಪ್ಯೂಟರಿನ ಕೈಚಳಕ. ಇರುವುದು ಬೋಳು ಬಂಡೆ, ಗಾಡಿ ನಿಲ್ಲಿಸುವ ಜಾಗ, ಚಿಲಕ ಕೂರದ ಶೌಚಾಲಯ. ದೊಡ್ಡವರೇ ಇಳಿದೊಡನೆ ಇಷ್ಟೇನಾ ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಮಗಳ ಮುಖದ ಮೇಲೆ ಅದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

ಕೊನೆಗೆ ಅತ್ತೆಗೇ ಸಾಕಾಯಿತು. ನಿನ್ನ ಮಗಳ ರಾಗ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ ಎಂದವರೇ, ಒಂದು ರಜೆಯ ದಿನ ನೀರಿನ ಬಾಟಲಿ, ಸ್ವೆಟರು, ಇರಲಿ ಅಂತ ಒಂದು ಜೊತೆ ಬಟ್ಟೆ ಎಲ್ಲವನ್ನೂ ಚೀಲಕ್ಕೆ ತುರುಕಿ ಇಬ್ಬರನ್ನೂ ಹೊರಗೆ ಹಾಕಿದರು.

ಕಣಿವೆಯಲ್ಲಿ ಇಳಿದ ಮಗಳು ಅತ್ತ ನೋಡಿದಳು, ಇತ್ತ ನೋಡಿದಳು.

"ಅಮ್ಮಾ, ಇದಲ್ಲ. ಚೂಪು ಬೆಟ್ಟ ಆ ಕಡೆ ಇರ್ಬೇಕಿತ್ತು."

ಸಿನಿಮಾದವರು ಈ ಜಾಗವನ್ನು ಎಡಬಲ ಅದಲುಬದಲು ಮಾಡಿ ತೋರಿಸಿದ್ದರು. ಸಿನಿಮಾದ ಫೋಟೋ ಹಿಡಿದು ಆ ಜಾಗ ಸಿಗದೆ ಪೇಚಾಡುವ ಪ್ರವಾಸಿಗರಿಗೆ ವ್ಯಾನಕ್ಕನದೊಂದು ಉಪಾಯವಿತ್ತು. ಅವರನ್ನು ಬೆಟ್ಟಕ್ಕೆ ಬೆನ್ನು ಮಾಡಿ ನಿಲ್ಲಿಸಿ, ವ್ಯಾನಿನ ಪಕ್ಕದ ಕನ್ನಡಿಯಲ್ಲಿ ನೋಡಿ ಅನ್ನುತ್ತಿದ್ದಳು. ಈಗ ಮಗಳನ್ನೂ ಹಾಗೆಯೇ ಕನ್ನಡಿಯೆದುರು ಎತ್ತಿ ಹಿಡಿದಳು. ಕನ್ನಡಿಯೊಳಗೆ ಬೆಟ್ಟ ಸಿನಿಮಾದ ಜಾಗಕ್ಕೇ ಬಂದು ಕೂತಿತು. ಮಗಳು ಕಣ್ಣರಳಿಸಿದ್ದು ಕಂಡು ಅವಳಿಗೆ ಸಂಕಟವಾಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ.

"ಕುದುರೆ ಇಲ್ಲ ಕಣೇ ಪುಟ್ಟಿ. ಕೋಟೆನೂ ಇಲ್ಲ. ಎಲ್ಲ ಆಮೇಲೆ ಸೇರಿಸಿದ್ದು."

"ಗೊತ್ತು. ಅಜ್ಜಿ ಯಾವತ್ತೋ ಹೇಳಿದಾರೆ."

"ಮತ್ಯಾಕೆ ಅಷ್ಟು ಹಟ ಮಾಡ್ದೆ?"

ಮಗಳು ಅಮ್ಮನ ಕಾಲರಿನ ಗುಂಡಿ ತಿರುವಿದಳು. "ನೀನು ದಿನಾ ಯಾರ್ಯಾರಿಗೋ ಕಥೆ ಹೇಳ್ತೀಯಂತೆ. ಮನೆಗೆ ಬಂದ್ರೆ ಸುಸ್ತು ಅಂತ ಮಲಗ್ತೀಯ. ನಂಗೂ ಹೇಳು. ಅವರಿಗೆ ಹೇಳೋ ಥರಾನೇ."

ವ್ಯಾನಕ್ಕ ಮಗಳನ್ನು ಕೆಳಗಿಳಿಸಿ, ಗಾಳಿ ಜೋರಾಗಿದೆಯೆಂದು ಸ್ವೆಟರು ತೊಡಿಸಿದಳು, ಸುರಿಯುತ್ತಿದ್ದ ಮೂಗು ಒರೆಸಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಗಂಟಲು ಸರಿಮಾಡಿಕೊಂಡಳು.

"ಬನ್ನಿ ಮೇಡಂ. ಹುಷಾರು, ಕಲ್ಲು ಜಾರುತ್ತೆ."

ಮೇಡಂ ನಗು ತಡೆದುಕೊಂಡು, ಬಲು ಗತ್ತಿನಿಂದ ಕೈ ಚಾಚಿದರು.