ಹಾಸಿಗೆಯ ಮೇಲಿನ ಬೆಳಕಿಂಡಿ

ಕೊನೆಯ ಆ ಸಾಧಾರಣ ದಿನ ಎಲ್ಡನ್ ಚಾವಣಿಯ ಮೇಲಿದ್ದ. ವರ್ಲಾ ಒಳಗಿದ್ದಳು. ಅವರ ಸಂಸಾರ ಬಹುಪಾಲು ಹಾಗೆಯೇ ನಡೆದಿತ್ತು. ಅವನು ಮೇಲೆ, ಅವಳು ಕೆಳಗೆ, ನಡುವೆ ಒಂದು ಬೆಳಕಿಂಡಿ.

ಅವರ ಮನೆಗೆ ಚಕ್ರಗಳಿದ್ದವು. ಬೇಸಿಗೆಯಲ್ಲಿ ಐಡಾಹೊ, ಚಳಿಗಾಲದಲ್ಲಿ ಅರಿಝೋನಾದ ಮರಳು ಬಯಲು. ಐಡಾಹೊದಲ್ಲಿ ಅವನು ಆಲೂಗಡ್ಡೆ ಕಾರ್ಖಾನೆಯಲ್ಲಿ ದುಡಿದಿದ್ದ, ಅವಳು ಶಾಲೆಯ ಅಡುಗೆಮನೆಯಲ್ಲಿ. ಇಬ್ಬರೂ ನಿವೃತ್ತರಾದ ಮೇಲೆ ಮನೆ ಮಾರಿ ಈ ಮನೆಗಾಡಿ ಕೊಂಡರು. ಕೊಳ್ಳುವಾಗ ವರ್ಲಾ ಒಲೆ ನೋಡಲಿಲ್ಲ, ಬೀರು ನೋಡಲಿಲ್ಲ. ಹಿಂದಿನ ಕೋಣೆಯ ಹಾಸಿಗೆಯ ಮೇಲೆ ಬೂಟು ಸಮೇತ ಮಲಗಿ ಮೇಲೆ ನೋಡಿದಳು. ಚಾವಣಿಯಲ್ಲಿ ದೊಡ್ಡ ಬೋಗುಣಿ ಬೋರಲು ಹಾಕಿದಂಥ ಬೆಳಕಿಂಡಿ. ಅದರ ಮೇಲೊಂದು ಪಾರಿವಾಳ ನಡೆದಾಡುತ್ತಿತ್ತು. ಪಾದಗಳ ನೆರಳು ಮಾತ್ರ ಕಾಣುತ್ತಿತ್ತು.

"ಇದನ್ನೇ ತಗೊಳ್ಳೋಣ" ಅಂದಳು.

"ಇಂಜಿನ್ ನೋಡೋದು ಬೇಡ್ವಾ?"

"ನೀನು ನೋಡ್ಕೋ."

ಬಯಲಿಗೆ ಬಂದ ಮೇಲೆ ಎಲ್ಡನ್‌ಗೆ ಬೆಳಕಿಂಡಿಯ ಹುಚ್ಚು ಹಿಡಿಯಿತು. ಬಯಲಿನ ಬಿಸಿಲಿಗೆ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ, ತಿರುಪಿನ ಸುತ್ತ ನಕ್ಷತ್ರದ ಹಾಗೆ ಬಿರುಕು ಬಿಡುತ್ತದೆ. ಅಂಚಿನ ಅಂಟು ಒಣಗಿ ಬಾಯಿ ತೆರೆಯುತ್ತದೆ. ತನ್ನದನ್ನು ನೋಡಿ ಮುಗಿಸಿ ಪಕ್ಕದ ಗಾಡಿಯವರ ಚಾವಣಿ ಹತ್ತಿದ, ಆಮೇಲೆ ಅವರ ಪಕ್ಕದವರದ್ದು. ಎಲ್ಲರ ಮನೆಯನ್ನೂ ಮೊದಲು ಒಳಗಿನಿಂದ ನೋಡುತ್ತಿದ್ದ. ನೀರು ಹೊಕ್ಕುವ ಜಾಗ ಬೇರೆ, ಕಾಣಿಸಿಕೊಳ್ಳುವ ಜಾಗ ಬೇರೆ ಅನ್ನುತ್ತಿದ್ದ. ಬೆರಳ ಗೆಣ್ಣಿನಿಂದ ಚಾವಣಿ ತಟ್ಟಿಕೊಂಡು ಹೋಗಿ, ಸದ್ದು ಮೆತ್ತಗಾದಲ್ಲಿ ನಿಲ್ಲುತ್ತಿದ್ದ. ಆಮೇಲೆ ಏಣಿ. ಮೊಣಕಾಲ ಕೆಳಗೊಂದು ಹಳೆಯ ಜಮಖಾನೆಯ ತುಂಡು. ಬೆಲ್ಟಿನ ಬಕ್ಕಲು ತಾಗಿ ಚಾವಣಿಗೆ ಹೊದಿಸಿದ ರಬ್ಬರು ಹರಿದೀತೆಂದು ಬೆಲ್ಟು ಬಿಚ್ಚಿಟ್ಟು, ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದ. ಬಯಲಿನ ಹೆಂಗಸರು ಅದನ್ನು ನೋಡಿ ನಗುತ್ತಿದ್ದರು. ಕೆಲಸಕ್ಕೆ ಪ್ರತಿಯಾಗಿ ಅವನು ತೆಗೆದುಕೊಳ್ಳುತ್ತಿದ್ದದ್ದು ಸೇಬಿನ ಕಡುಬು ಮಾತ್ರ. ಅದು ಎಲ್ಲರಿಗೂ ಗೊತ್ತಿತ್ತು.

ವರ್ಲಾಳ ಕೆಲಸ ಒಂದೇ. ಅವನು ತಮ್ಮ ಬೆಳಕಿಂಡಿಯ ಮೇಲೆ ನೀರು ಹುಯ್ದು ನೋಡುವಾಗ ಇವಳು ಹಾಸಿಗೆಯ ಮೇಲೆ ನಿಂತು ಒಳಗಿನ ಚೌಕಟ್ಟಿಗೆ ಅಂಗೈ ಇಡಬೇಕು.

"ಒಳಗೆ ಹವಾ ಹೇಗಿದೆ?" ಆ ದಿನವೂ ಕೂಗಿದ.

"ಒಣಗಿದೆ. ನಿನ್ನ ಹಾಗೇ."

"ಬಲಮೂಲೆ?"

"ಅದೂ ಒಣಗಿದೆ."

"ಕೈ ಇಟ್ಟು ಹೇಳ್ತಿದೀಯೋ, ಮಲ್ಕೊಂಡು ಹೇಳ್ತಿದೀಯೋ?"

ವರ್ಲಾ ಮಲಗಿಯೇ ಇದ್ದಳು. ಬಹಳ ವರ್ಷದಿಂದ ಮಲಗಿಯೇ ಹೇಳುತ್ತಿದ್ದಳು. ಅವನು ಬಗ್ಗಿದಾಗ ಬೆಳಕಿಂಡಿಯಲ್ಲಿ ಒಂದು ಕಪ್ಪು ಮೋಡ ಬಂದಂತಾಗುತ್ತಿತ್ತು, ಅಷ್ಟೇ. ಮುಖ ಕಾಣುತ್ತಿರಲಿಲ್ಲ. ಆ ಮೋಡಕ್ಕೆ ನಾಲಿಗೆ ಚಾಚಿದಳು.

"ಕೈ ಇಟ್ಟೇ ಹೇಳ್ತಿದೀನಿ, ಮುದುಕಪ್ಪ."

"ಆಯ್ತು ಮುದುಕಿ."

ಕೆಳಗೆ ಬಂದವನು ಕಾಫಿ ಕುಡಿಯುತ್ತಾ ಲೋಟದೊಳಗೇ ನಕ್ಕ. ಯಾವಾಗಲೂ ಹಾಗೆ ನಗುತ್ತಿದ್ದ. ಯಾಕೆಂದು ಅವಳು ಕೇಳಿರಲಿಲ್ಲ.

ಕಾಫಿಯಾದ ಮೇಲೆ ಮತ್ತೆ ಹತ್ತಿ ಬಲಗಡೆಯ ಅಂಚಿನ ಹಳೆಯ ಅಂಟನ್ನು ಕೆರೆದು ತೆಗೆದ. ಹೊಸದು ಹಾಕುವಷ್ಟರಲ್ಲಿ ಬಿಸಿಲು ಇಳಿಯಿತು. ಚಾವಣಿಗೆ ಹಾಕುವ ಬಿಳಿ ಅಂಟು ಬಿಸಿಲಿದ್ದರೆ ತಾನೇ ಹರಿದು ಸಮವಾಗಿ ಕೂರುತ್ತದೆ, ತಣ್ಣಗಾದರೆ ಗಂಟುಗಂಟಾಗುತ್ತದೆ. "ನಾಳೆ ಹಾಕ್ತೀನಿ" ಅಂದ. ಕಾಗದದ ಪಟ್ಟಿ ಅಂಟಿಸಿ ಇಳಿದ. ಸಂಜೆ ಎಲ್ಲರ ಹಾಗೆ ಕುರ್ಚಿ ಹಿಡಿದುಕೊಂಡು ಮರ್ಲ್ ಮತ್ತು ಟ್ವೈಲಾ ದಂಪತಿಯ ಗಾಡಿಯ ಮುಂದೆ ಹೋಗಿ ಕೂತರು. ಟ್ವೈಲಾ ಹುರುಳಿಕಾಯಿ ಬೇಯಿಸಿದ್ದಳು, ಜೋಳದ ರೊಟ್ಟಿ ಸೀದಿತ್ತು. ಸೂರ್ಯ ಮುಳುಗುವಾಗ ಎಲ್ಲರೂ ಮಾತು ನಿಲ್ಲಿಸಿ ನೋಡಿದರು. ಅಷ್ಟೇ ಆ ದಿನ.

ಬೆಳಿಗ್ಗೆ ಬೆಳಕಿಂಡಿಯ ಬೆಳಕು ಮೊದಲು ತಲೆಯ ಹಿಂದಿನ ಗೋಡೆಗೆ ಬೀಳುತ್ತದೆ. ಮೆಲ್ಲಗೆ ಇಳಿಯುತ್ತದೆ. ಎಲ್ಡನ್‌ನ ಹಣೆಗೆ ಬಂದಾಗ ಅವನು ಗೊಣಗುತ್ತಾನೆ, ಹುಬ್ಬಿಗೆ ಬಂದಾಗ ಎದ್ದು ಕಾಫಿಗೆ ನೀರಿಡುತ್ತಾನೆ. ಆ ಬೆಳಿಗ್ಗೆ ಬೆಳಕು ಹಣೆಗೆ ಬಂತು. ಹುಬ್ಬಿಗೆ ಬಂತು. ರೆಪ್ಪೆಯ ಮೇಲೆ ಬಂದು ನಿಂತಾಗಲೇ ವರ್ಲಾಗೆ ಗೊತ್ತಾಯಿತು. ಅವಳು ಅಲುಗಾಡಲಿಲ್ಲ. ಬೆಳಕು ಮೂಗು ದಾಟಿತು, ತುಟಿ ದಾಟಿತು. ಇಡೀ ಕೋಣೆ ನೀರಿನ ತಳದಲ್ಲಿದ್ದಂತೆ ಇತ್ತು. ಅಂಗಿಯ ಮೊದಲ ಗುಂಡಿಗೆ ಬೆಳಕು ಬಂದಾಗ ಎದ್ದಳು. ಟ್ವೈಲಾಳನ್ನು ಕರೆದಳು.

ಮಣ್ಣು ಮಾಡಿದ್ದು ಐಡಾಹೊದಲ್ಲಿ, ಅವನ ಅಪ್ಪ ಅಮ್ಮನ ಪಕ್ಕ. ಆಮೇಲೆ ವರ್ಲಾಳನ್ನು ಅವಳ ತಂಗಿ ಫೇ ತನ್ನ ಮನೆಗೆ ಕರೆದುಕೊಂಡು ಹೋದಳು.

"ಇಲ್ಲೇ ಇರು" ಅಂದಳು ಫೇ. "ಆ ತಗಡಿನ ಡಬ್ಬಿಯಲ್ಲಿ ಒಬ್ಬಳೇ ಏನ್ಮಾಡ್ತೀಯ?"

"ಮಲಗ್ತೀನಿ."

"ಇಲ್ಲಿ ಮಲಗೋಕೆ ಆಗಲ್ವಾ?"

ಆಗುತ್ತಿರಲಿಲ್ಲ. ಫೇ ಕೊಟ್ಟ ಕೋಣೆ ಚೆನ್ನಾಗಿತ್ತು. ಚಾವಣಿ ಬೆಳ್ಳಗಿತ್ತು, ಮುಚ್ಚಿತ್ತು. ಬೆಳಗು ಪಕ್ಕದಿಂದ ಬರುತ್ತಿತ್ತು, ಒಂದೇ ಸಲ ಎಲ್ಲ ಕಡೆ ತುಂಬಿಬಿಡುತ್ತಿತ್ತು. ಹಾಸಿಗೆಯಲ್ಲಿ ಎಲ್ಡನ್ ಮಲಗಬೇಕಿದ್ದ ಜಾಗಕ್ಕೆ ಅದು ಯಾವಾಗ ಬಂತೆಂದು ತಿಳಿಯುತ್ತಿರಲಿಲ್ಲ. ಇದನ್ನು ಫೇಗೆ ಹೇಳುವುದು ಹೇಗೆಂದು ವರ್ಲಾಗೆ ಗೊತ್ತಾಗಲಿಲ್ಲ.

"ಅದರ ಚಾವಣಿ ಸೋರೋಕೆ ಶುರುವಾದ್ರೆ ಯಾರೇ ನೋಡೋರು? ಅವನಂತೂ ಇಲ್ಲ" ಅಂದಳು ಫೇ.

"ಸೋರಿದ್ರೆ ಗಾಡಿ ಮಾರಿ ನಿನ್ನ ಹತ್ರ ಬಂದ್ಬಿಡ್ತೀನಿ."

"ಮಾತು ಕೊಡ್ತೀಯಾ?"

"ಕೊಟ್ಟೆ."

ಬಸ್ಸಿನಲ್ಲಿ ಬಯಲಿಗೆ ಮರಳಿದಳು. ದಿನಗಳು ಬಂದವು, ಹೋದವು. ಅವಳು ಹೆಚ್ಚಾಗಿ ಮಲಗಿರುತ್ತಿದ್ದಳು. ಬೆಳಕಿನ ಚೌಕ ಗೋಡೆಯಿಂದ ಅವನ ದಿಂಬಿಗೆ ಇಳಿಯುತ್ತಿತ್ತು, ದಿಂಬಿನಿಂದ ಹೊದಿಕೆಗೆ, ಮಧ್ಯಾಹ್ನ ನೆಲಕ್ಕೆ, ಆಮೇಲೆ ಎದುರು ಗೋಡೆ ಹತ್ತಿ ಕೆಂಪಾಗಿ ಆರುತ್ತಿತ್ತು. ಪಾರಿವಾಳ ಬಂದು ತಲೆಯ ಮೇಲೆ ನಡೆದಾಡಿದರೆ ಎಲ್ಡನ್ ಜಮಖಾನೆ ಎಳೆದುಕೊಳ್ಳುತ್ತಿದ್ದಾನೆ ಅನ್ನಿಸುತ್ತಿತ್ತು. ಎಷ್ಟೋ ಸಲ ನಿದ್ದೆಯೋ ಎಚ್ಚರವೋ ತಿಳಿಯದೆ "ಒಣಗಿದೆ" ಅಂದಿದ್ದಳು.

ಒಂದು ಬೆಳಿಗ್ಗೆ ಬೆಳಕು ಬರಲಿಲ್ಲ. ಮೋಡ ಕವಿದಿತ್ತು. ಸ್ವಲ್ಪ ಹನಿ ಹಾಕಿತು, ಬಯಲಿನ ಪೊದೆಗಳಿಂದ ಮಳೆಯ ಘಮ ಎದ್ದಿತು. ಚೌಕಟ್ಟಿನ ಬಲಮೂಲೆಯಿಂದ ಒಂದು ಹನಿ ಇಳಿದು ಎಲ್ಡನ್‌ನ ದಿಂಬಿನ ಮೇಲೆ ಬಿತ್ತು.

ವರ್ಲಾ ಅದನ್ನು ನೋಡಿದಳು. ಇನ್ನೊಂದು ಬಿತ್ತು.

ಇದು ಬರೀ ತುಂತುರು. ದೊಡ್ಡ ಮಳೆ ನಾಳೆ ಸಂಜೆ ಎಂದು ರೇಡಿಯೊ ಹೇಳಿತು. ಚೌಕಟ್ಟಿನ ಸುತ್ತ ಇರುವುದು ತೆಳ್ಳಗಿನ ಹಲಗೆ. ಒಮ್ಮೆ ನೀರು ಕುಡಿದರೆ ಬ್ರೆಡ್ಡಿನ ಹಾಗೆ ಮೆತ್ತಗಾಗುತ್ತದೆ, ಆಮೇಲೆ ತಿರುಪು ಕಚ್ಚುವುದಿಲ್ಲ, ಆಮೇಲೆ ಗಾಡಿಯೇ ಹೋಯಿತು. ಅವಳು ಮಾತು ಕೊಟ್ಟಾಗಿತ್ತು.

ಮಾರನೆಯ ಬೆಳಿಗ್ಗೆ ಬಿಸಿಲು ಬಂತು. ಬಿಳಿ ಅಂಟಿನ ಕೊಳವೆಯನ್ನು ಗಾಡಿಯ ಮುಂಗಾಜಿನ ಕೆಳಗೆ ಬಿಸಿಲಿಗೆ ಇಟ್ಟಳು. ಬೆಲ್ಟು ಬಿಚ್ಚಿ ಎಲ್ಡನ್‌ನ ಹಗ್ಗ ಕಟ್ಟಿಕೊಂಡಳು. ಏಣಿ ಹತ್ತಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಚಾವಣಿಗೆ ಕೆನ್ನೆ ಒತ್ತಿ ಮಲಗಿದಳು. ಬೆಚ್ಚಗಿತ್ತು. ಆಮೇಲೆ ತೆವಳಿಕೊಂಡು ಬೆಳಕಿಂಡಿಯ ಹತ್ತಿರ ಹೋದಳು.

ಅವನು ಬರಿದಾಗಿ ಬಿಟ್ಟಿದ್ದ ಅಂಚು ಬರಿದಾಗಿರಲಿಲ್ಲ. ಯಾರೋ ಗಾಜಿನ ಹಾಗೆ ಹೊಳೆಯುವ ಅಂಟು ಬಳಿದಿದ್ದರು. ಬಚ್ಚಲಿನ ಸಂದುಗಳಿಗೆ ಹಾಕುವ ಬಚ್ಚಲ ಅಂಟು. ಚಾವಣಿಯ ರಬ್ಬರನ್ನು ಅದು ಹಿಡಿಯುವುದಿಲ್ಲ, ಅದು ತಾಗಿದ ಜಾಗವನ್ನು ಬೇರೆ ಅಂಟೂ ಹಿಡಿಯುವುದಿಲ್ಲ. ಬಯಲಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಯಾಕೆ ಬಳಿದರೆಂದೂ ಅವಳಿಗೆ ಗೊತ್ತಾಯಿತು. ಆ ಬಯಲಿನಲ್ಲಿ ಯಾರಾದರೂ ತೀರಿಕೊಂಡರೆ, ಅವರು ಅರ್ಧ ಬಿಟ್ಟ ಕೆಲಸವನ್ನು ಮನೆಯವರು ಮರಳುವುದರೊಳಗೆ ಅಕ್ಕಪಕ್ಕದವರು ಮುಗಿಸಿಡುತ್ತಾರೆ. ಯಾರು ಮಾಡಿದರೆಂದು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ.

"ವರ್ಲಾ" ಕೆಳಗಿನಿಂದ ಮರ್ಲ್ ಕೂಗಿದ. "ಇಳಿ ಕೆಳಗೆ. ನೀನು ಬಿದ್ದು ಸತ್ತರೆ ಟ್ವೈಲಾ ನನ್ನನ್ನ ಸಾಯಿಸ್ತಾಳೆ."

"ಇದನ್ನ ಹಾಕಿದ್ದು ಯಾರು?"

"ಯಾವುದನ್ನ?"

"ಬಚ್ಚಲ ಅಂಟನ್ನ."

ಕೇಳಬಾರದ್ದನ್ನು ಕೇಳಿದ್ದಳು. ಮರ್ಲ್ ಟೋಪಿ ತೆಗೆದು ಅದರೊಳಗೆ ನೋಡಿದ.

"ನನ್ನ ಹತ್ರ ಅದೇ ಇತ್ತು" ಅಂದ. "ನೀನು ಬಂದಾಗ ಅವನ ಕೆಲಸ ಹಾಗೇ ಬಿದ್ದಿರೋದನ್ನ ನೋಡಬಾರದು ಅಂತ."

"ಇದನ್ನ ಹಾಕೋರಿಗೆ ಎಲ್ಡನ್ ಏನಂತಿದ್ದ?"

"ಕೈ ಕಡೀಬೇಕು ಅಂತಿದ್ದ."

"ಕೈ ಆಮೇಲೆ ಕಡಿಯೋಣ. ಈಗ ಅದು ಬೇಕು. ಒಳಗೆ ಹೋಗಿ ನನ್ನ ಹಾಸಿಗೆ ಮೇಲೆ ನಿಂತ್ಕೊಂಡು ಚೌಕಟ್ಟು ಹಿಡ್ಕೋ."

"ನಿನ್ನ ಹಾಸಿಗೆ ಮೇಲಾ? ಟ್ವೈಲಾ ಏನಂತಾಳೆ?"

"ಅವಳನ್ನೂ ಕರ್ಕೊಂಡು ಬಾ. ಬೂಟು ಬಿಚ್ಚಿ ಹತ್ತು."

ಅವನು ಒಳಗೆ ಹೋಗುವಷ್ಟರಲ್ಲಿ ವರ್ಲಾ ಜಮಖಾನೆಯ ಮೇಲೆ ಮೊಣಕಾಲೂರಿ ಬೆಳಕಿಂಡಿಯ ಮೇಲೆ ಬಗ್ಗಿದಳು. ಅವಳ ನೆರಳು ಪ್ಲಾಸ್ಟಿಕ್ಕಿನ ಮೇಲೆ ಬಿತ್ತು. ನೆರಳು ಬಿದ್ದೊಡನೆ ಹೊಳಪು ಹೋಗಿ ಒಳಗಿನದೆಲ್ಲ ಕಂಡಿತು. ಹಾಸಿಗೆ, ಎರಡು ದಿಂಬು, ಹೊದಿಕೆಯ ನೀಲಿ ಹೂಗಳು, ಅವಳು ತಲೆಯಿಟ್ಟು ಆದ ತಗ್ಗು ಕೂಡ.

ಹಾಗಾದರೆ ಅವನಿಗೆ ಕಾಣುತ್ತಿತ್ತು.

ಇಷ್ಟು ವರ್ಷ ಅವಳು ಮಲಗಿ "ಒಣಗಿದೆ" ಅಂದದ್ದು ಕಾಣುತ್ತಿತ್ತು. ನಾಲಿಗೆ ಚಾಚಿದ್ದು ಕಾಣುತ್ತಿತ್ತು. ಅವನು ಕೇಳುತ್ತಿದ್ದ, ಇವಳು ಸುಳ್ಳು ಹೇಳುತ್ತಿದ್ದಳು, ಅವನು ಇಳಿದು ಬಂದು ಲೋಟದೊಳಗೆ ನಗುತ್ತಿದ್ದ. ಮೂಲೆ ಒಣಗಿದೆಯೋ ಇಲ್ಲವೋ ಎಂದು ಆಮೇಲೆ ತಾನೇ ನೋಡಿಕೊಳ್ಳುತ್ತಿದ್ದ, ಇವಳು ಪಾತ್ರೆ ತೊಳೆಯುವಾಗ. ಯಾಕೆ ಹಿಂದಿನ ಕೋಣೆಗೆ ಹೋಗುತ್ತಾನೆಂದು ಅವಳು ಯೋಚಿಸಿರಲಿಲ್ಲ.

ಕೆಳಗೆ ಮರ್ಲ್‌ನ ಬೋಳು ತಲೆ ಬಂದು ನಿಂತಿತು. ಪಕ್ಕದಲ್ಲಿ ಟ್ವೈಲಾ, ಸೊಂಟಕ್ಕೆ ಕೈಯಿಟ್ಟುಕೊಂಡು.

ಕೆಲಸಕ್ಕೆ ಇಡೀ ಬೆಳಗು ಹಿಡಿಯಿತು. ಪ್ಲಾಸ್ಟಿಕ್ಕಿನ ಉಳಿಯಿಂದ ಬಚ್ಚಲ ಅಂಟನ್ನು ಕೆರೆದಳು. ಕಬ್ಬಿಣದ ಚಾಕು ಮುಟ್ಟಲಿಲ್ಲ, ರಬ್ಬರು ಸೀಳುತ್ತದೆ. ಉಳಿದ ಪೊರೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ, ಬೆರಳು ಜಾರದಂತಾಗುವವರೆಗೆ ಉಜ್ಜಿದಳು. ನೀರು ಎಲ್ಡನ್ ಮೊದಲು ಹಾಕಿದ್ದ ಒಳ್ಳೆಯ ಅಂಟಿನ ಅಡಿಗೂ ನುಗ್ಗಿತ್ತು. ಆ ಮೂಲೆಯನ್ನೂ ಕೆರೆಯಬೇಕಾಯಿತು. ಅವನ ಕೈಯ ಕೆಲಸ ಸುರುಳಿ ಸುರುಳಿಯಾಗಿ ಎದ್ದು ಬಂತು. ಬಕೆಟ್ಟಿಗೆ ಹಾಕಿದಳು. ಹಲಗೆಯನ್ನು ಗೆಣ್ಣಿನಿಂದ ತಟ್ಟಿದಳು. ಸದ್ದು ಗಟ್ಟಿಯಾಗಿತ್ತು.

ತಿರುಪುಗಳನ್ನು ಕೈಗೆ ಬಿಗಿ ಸಿಗುವವರೆಗೆ ತಿರುಗಿಸಿ, ಸ್ವಲ್ಪ ಹಿಂದಕ್ಕೆ ಬಿಟ್ಟಳು. ಬಿಗಿ ಹೆಚ್ಚಾದರೆ ಬಿರುಕು. ಆಮೇಲೆ ಬಿಸಿಯಾದ ಕೊಳವೆ ಹಿಡಿದು ಬಿಳಿ ಅಂಟು ಸುರಿದಳು. ಅದು ತಾನೇ ಹರಿಯಿತು, ತಾನೇ ಕೂತಿತು, ಹಾಲಿನ ಕೆನೆಯ ಹಾಗೆ. ನೋಡುತ್ತಾ ಕೂತುಬಿಟ್ಟಳು. ದೂರದಲ್ಲಿ ಮೋಡ ಬೆಟ್ಟ ಹತ್ತುತ್ತಿತ್ತು. ಬಯಲಿನ ಗಾಡಿಗಳೆಲ್ಲ ಬೆಳ್ಳಗೆ, ಸದ್ದಿಲ್ಲದೆ, ಕೊಳದಲ್ಲಿ ನಿಂತ ದೋಣಿಗಳಂತೆ ಇದ್ದವು. ಪ್ರತಿಯೊಂದರ ಬೆನ್ನ ಮೇಲೂ ಎಲ್ಡನ್ ಮುಟ್ಟಿದ ಒಂದೊಂದು ಬೆಳಕಿಂಡಿ ಹೊಳೆಯುತ್ತಿತ್ತು. ಇದೂ ಅವಳಿಗೆ ಗೊತ್ತಿರಲಿಲ್ಲ, ಮೇಲಿನಿಂದ ಹೀಗೆ ಕಾಣುತ್ತದೆಂದು.

ಮೇಲ್ಪದರ ಹೆಪ್ಪುಗಟ್ಟಿದ ಮೇಲೆ ಲೋಟದಿಂದ ಅದರ ಮೇಲೆ ನೀರು ಹುಯ್ದಳು. ಕೂಗಿದಳು.

"ಒಳಗೆ ಹವಾ ಹೇಗಿದೆ?"

ಬಯಲಿಗೆಲ್ಲ ಕೇಳಿಸುತ್ತಿದ್ದ ಕೂಗು ಅದು. ಮರ್ಲ್‌ಗೂ ಉತ್ತರ ಗೊತ್ತಿತ್ತು.

"ಒಣಗಿದೆ" ಅಂದ ಮರ್ಲ್.

"ಕೈ ಇಟ್ಟಿದ್ದಾನೆ ಕಣೇ" ಅಂದಳು ಟ್ವೈಲಾ. "ಎರಡೂ ಕೈ. ಕಡಿಯೋದಾದ್ರೆ ಈಗಲೇ ಕಡಿ, ಸುಲಭವಾಗಿ ಸಿಗ್ತವೆ."

ಸಂಜೆ ಮಳೆ ಬಂತು. ದೊಡ್ಡ ಮಳೆ. ವರ್ಲಾ ತನ್ನ ಜಾಗದಲ್ಲಿ ಮಲಗಿ, ಬೆಳಕಿಂಡಿಯ ಮೇಲೆ ನೀರು ಓಡುವುದನ್ನು ಕತ್ತಲಾಗುವವರೆಗೆ ನೋಡಿದಳು. ಆಮೇಲೆ ಅದರ ಸದ್ದನ್ನು ಕೇಳಿದಳು. ಅವನ ದಿಂಬಿನ ಮೇಲೆ ಕೈಯಿಟ್ಟುಕೊಂಡೇ ನಿದ್ದೆ ಹೋದಳು.

ಬೆಳಿಗ್ಗೆ ದಿಂಬು ಒಣಗಿತ್ತು. ಫೇಗೆ ಫೋನು ಮಾಡಿದಳು.

"ನಿನ್ನೆ ಅಷ್ಟು ಮಳೆ ಬಂದ್ರೂ ಸೋರಲಿಲ್ಲ" ಅಂದಳು.

ಫೇ ಉಸಿರು ಬಿಟ್ಟದ್ದು ಕೇಳಿಸಿತು. "ಹಾಗಾದ್ರೆ ಬರಲ್ಲ."

"ಬೇಸಿಗೆಗೆ ಬರ್ತೀನಿ. ಗಾಡಿ ನಿನ್ನ ಅಂಗಳದಲ್ಲೇ ನಿಲ್ಲಿಸ್ತೀನಿ. ಮಲಗೋದು ಮಾತ್ರ ಅದರಲ್ಲೇ."

"ಓಡಿಸೋರು ಯಾರು?"

"ಮರ್ಲ್ ಓಡಿಸ್ತಾನೆ. ಅವನ ಕೈ ಇನ್ನೂ ಇದೆ."

ಈಗಲೂ ಬೆಳಿಗ್ಗೆ ಬೆಳಕು ಗೋಡೆಗೆ ಬೀಳುತ್ತದೆ, ಇಳಿಯುತ್ತದೆ. ಅವನ ಹುಬ್ಬು ಇರುತ್ತಿದ್ದ ಜಾಗಕ್ಕೆ ಅದು ಬರುವವರೆಗೆ ವರ್ಲಾ ಮಲಗಿರುತ್ತಾಳೆ. ಬಂದೊಡನೆ ಏಳುತ್ತಾಳೆ. ಬರಿಗಾಲಲ್ಲಿ ಹಾಸಿಗೆಯ ಮೇಲೆ ನಿಲ್ಲುತ್ತಾಳೆ. ಮೊದಲು ಬಲಮೂಲೆ, ಆಮೇಲೆ ಉಳಿದ ಮೂಲೆಗಳು. ಒಂದೊಂದರ ಮೇಲೂ ಅಂಗೈಯಿಟ್ಟು, ಬೆರಳು ತಣ್ಣಗಾಗುತ್ತದೆಯೋ ಎಂದು ಕಾಯುತ್ತಾಳೆ. ಆಮೇಲೆ ಇಳಿದು ಕಾಫಿಗೆ ನೀರಿಡುತ್ತಾಳೆ.